ನಲವತ್ತೆಂಟನೇ ನಿಮಿಷದ ನಗು

ಸಿನಿಮಾ ನೋಡುವ ಜನ ಎಲ್ಲಿ ನಗುತ್ತಾರೆ, ಎಲ್ಲಿ ಬೆಚ್ಚಿಬೀಳುತ್ತಾರೆ ಎಂದು ಕತ್ತಲಲ್ಲಿ ಕೂತು ಬರೆದುಕೊಳ್ಳುವುದು ನನ್ನ ಕೆಲಸ. ಇದೂ ಒಂದು ಕೆಲಸವೇ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಬಿಡುಗಡೆಗೆ ಮೊದಲು ಐವತ್ತು ಅರವತ್ತು ಜನರನ್ನು ಕರೆದು, ಬೆಳಗಿನ ಹೊತ್ತು ಪುಕ್ಕಟೆ ಸಿನಿಮಾ ತೋರಿಸುತ್ತಾರೆ. ನನಗೆ ಎರಡು ಸಾಲು ವಹಿಸುತ್ತಾರೆ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಪರದೆಗೆ ಬೆನ್ನು ಹಾಕಿ ಕೂತು, ಆ ಎರಡು ಸಾಲಿನ ಮುಖಗಳನ್ನು ನೋಡುತ್ತೇನೆ. ಮೊಣಕಾಲ ಮೇಲೆ ಹಾಳೆ, ಪೆನ್ನಿನ ತುದಿಯಲ್ಲಿ ಸಣ್ಣ ದೀಪ, ಪಕ್ಕದಲ್ಲಿ ನಿಮಿಷ ತೋರಿಸುವ ಗಡಿಯಾರ.

ಕತ್ತಲಲ್ಲಿ ಉದ್ದುದ್ದ ಬರೆಯಲಾಗದು. ಅದಕ್ಕೇ ಗುರುತುಗಳಿವೆ. ಮುಗುಳ್ನಕ್ಕರೆ ‘ಮು’. ಕಿರುಚಿದರೆ ‘ಕಿ’. ನಿದ್ದೆ ಹೋದರೆ ‘ನಿ’. ಹೊಟ್ಟೆ ಹುಣ್ಣಾಗುವಷ್ಟು ನಕ್ಕರೆ ‘ಹೊ.ಹು.’ ಮಧ್ಯದಲ್ಲೇ ಎದ್ದು ಹೋದರೆ ‘ಎ’. ಈ ಕೊನೆಯ ಅಕ್ಷರಕ್ಕೆ ನಿರ್ದೇಶಕರು ಹೆದರುವಷ್ಟು ಯಮನಿಗೂ ಹೆದರುವುದಿಲ್ಲ. ಹಾಳೆಗಳನ್ನೆಲ್ಲ ಒಟ್ಟುಮಾಡಿ ಅವರ ಮುಂದಿಡುವ ನಮ್ಮ ಮುಖ್ಯಸ್ಥರನ್ನು ನಾವು ಹಾಳೆ ಮೇಷ್ಟ್ರು ಎನ್ನುತ್ತೇವೆ.

ಆ ದಿನದ ಸಿನಿಮಾ ಒಂದು ಜಂತುವಿನದು. ಹಳೆಯ ವಸತಿ ಕಟ್ಟಡದ ನೀರಿನ ತೊಟ್ಟಿಯಲ್ಲಿ ಬೆಳೆದು, ಅಲ್ಲಿನವರನ್ನು ಒಬ್ಬೊಬ್ಬರನ್ನಾಗಿ ನುಂಗುತ್ತದೆ. ನುಂಗುವ ಮುಂಚೆ ಬಾಗಿಲ ಮುಂದಿನ ಮ್ಯಾಟಿಗೆ ಎಂಟೂ ಕಾಲು ಒರೆಸಿಕೊಳ್ಳುತ್ತದೆ. ಅಷ್ಟು ಮರ್ಯಾದಸ್ಥ ಜಂತು. ನಲವತ್ತೆಂಟನೇ ನಿಮಿಷಕ್ಕೆ, ನುಂಗಿಸಿಕೊಂಡ ಮಂದಿಯೆಲ್ಲ ಅದರ ಹೊಟ್ಟೆಯೊಳಗೇ ಸಭೆ ಸೇರಿ, ಮೋಟಾರು ಆಫ್ ಮಾಡದೆ ಹೋದವರು ಯಾರು ಎಂದು ಜಗಳಕ್ಕೆ ಬೀಳುತ್ತಾರೆ. ಜಂತು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಮುದುರಿ ಬೀಳುತ್ತದೆ.

“ಇದು ನಗೋ ಸೀನೋ ಅಳೋ ಸೀನೋ ನನಗೇ ಗೊತ್ತಾಗ್ತಿಲ್ಲ,” ಎಂದಿದ್ದ ನಿರ್ದೇಶಕ, ಉಗುರು ಕಡಿಯುತ್ತ. “ಜನ ನಗ್ಲಿಲ್ಲ ಅಂದ್ರೆ ಕಿತ್ತು ಬಿಸಾಕ್ತೀನಿ.”

ಕರೆದವರಲ್ಲಿ ಅರ್ಧ ಜನ ಬರಲಿಲ್ಲ. ನನ್ನ ಎಫ್ ಸಾಲು ಬಿಕೋ ಎನ್ನುತ್ತಿತ್ತು. “ಹತ್ತಿರದಲ್ಲಿ ಯಾರಾದ್ರೂ ಇದ್ರೆ ಕರ್ಸಮ್ಮ, ನೆಂಟರಾದ್ರೂ ಪರವಾಗಿಲ್ಲ, ನಾನು ನೋಡ್ಲೇ ಇಲ್ಲ ಅಂದ್ಕೊಳ್ತೀನಿ,” ಎಂದರು ಮೇಷ್ಟ್ರು.

ಎರಡು ಬೀದಿ ಆಚೆ ನನ್ನ ಸೋದರಮಾವನ ಅಂಗಡಿ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಅಮ್ಮ ಸತ್ತ ಮೇಲೆ ಆರು ವರ್ಷದ ನನ್ನನ್ನು ತಂದು ಸಾಕಿದವನು ಅವನೇ. ನಾನು ವಟಗುಟ್ಟುವುದನ್ನು ನೋಡಿ ಮಾತಿನಮಲ್ಲಿ ಎಂದು ಕರೆಯುತ್ತಿದ್ದ, ಅದು ಸವೆದು ಸವೆದು ಮಲ್ಲಿಯಾಗಿ ನಿಂತಿತ್ತು. ಅವನೋ, ನಕ್ಕರೆ ಹಲ್ಲು ಉದುರೀತು ಎನ್ನುವ ಹಾಗೆ ಇದ್ದವನು. ಇಪ್ಪತ್ತಾರು ವರ್ಷದಲ್ಲಿ ಅವನು ಬಾಯಿ ಬಿಟ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಫೋನು ಮಾಡಿದ ಹತ್ತು ನಿಮಿಷಕ್ಕೆ ಬಂದ. ಕೈಯಲ್ಲಿ ಯಂತ್ರದೆಣ್ಣೆಯ ವಾಸನೆ, ಜೇಬಿನಲ್ಲಿ ಗ್ಯಾಸಿನ ಔಷಧಿಯ ಬಾಟಲಿ. ಮಂಡಿನೋವಿಗೆಂದು ಮಾತ್ರೆಗಳನ್ನು ಕಡಲೆಯಂತೆ ತಿನ್ನುತ್ತಿದ್ದ, ಹೊಟ್ಟೆ ಉರಿದರೆ ಆ ಬಾಟಲಿಯಿಂದ ಒಂದು ಗುಟುಕು. ಕೇಳಿದರೆ, “ಗ್ಯಾಸು ಕಣೇ.” ನಾನೂ ಗ್ಯಾಸೇ ಎಂದುಕೊಂಡಿದ್ದೆ.

ಅವನನ್ನು ಎಫ್ ಸಾಲಿನ ಏಳನೇ ಸೀಟಿನಲ್ಲಿ ಕೂರಿಸಿದೆ.

“ಮಾವ, ಒಂದೇ ಮಾತು. ಏನೇ ಆದ್ರೂ ಮಧ್ಯದಲ್ಲಿ ಏಳ್ಬೇಡ. ನೀನು ಎದ್ರೆ ‘ಎ’ ಅಂತ ನನ್ನ ಕೈಯಾರೆ ನಾನೇ ಬರೀಬೇಕು. ನನ್ನ ಮಾನ ಹೋಗತ್ತೆ.”

“ನಾನ್ಯಾಕೆ ಏಳ್ಲಿ? ಅಂಗಡೀಲಿ ಮುರುಕು ಸ್ಟೂಲು, ಇಲ್ಲಿ ಮೆತ್ತನೆ ಕುರ್ಚಿ,” ಎಂದ.

ಸರಿಯಾಗಿ ಹತ್ತು ಗಂಟೆಗೆ ಸಿನಿಮಾ ಶುರುವಾಯಿತು. ಮೊದಲ ಮುಕ್ಕಾಲು ಗಂಟೆ ಅವನ ಮುಖ ಗೋಡೆಗೆ ಹೊಡೆದ ಮೊಳೆಯಂತಿತ್ತು. ಜಂತು ಕಾಲೊರೆಸಿದಾಗ ಪಕ್ಕದವಳು ಕಿಸಕ್ಕೆಂದಳು, ಇವನಿಲ್ಲ. ಮನೆ ಮಾಲೀಕನನ್ನು ನುಂಗಲಾರದೆ ಜಂತು ಉಗುಳಿದಾಗ ಸಾಲಿನಲ್ಲಿದ್ದವರೆಲ್ಲ ಕುಲುಕಿ ನಕ್ಕರು, ಇವನಿಲ್ಲ. ಅವನ ಹೆಸರಿಗೆ ಒಂದು ‘ಮು’ ಕೂಡ ಬರೆಯಲಾಗಲಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು.

ನಲವತ್ತೆಂಟನೇ ನಿಮಿಷ. ನನ್ನ ಬೆನ್ನ ಹಿಂದೆ ಜಂತುವಿನ ಹೊಟ್ಟೆಯಲ್ಲಿ ಜಗಳ ಶುರುವಾಯಿತು. ಹಾಲ್ ಹೋ ಎಂದಿತು. ಮಾವ ಸಟ್ಟನೆ ಮುಂದಕ್ಕೆ ಬಾಗಿದ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಹಣೆಯನ್ನು ಮುಂದಿನ ಸೀಟಿಗೆ ಒತ್ತಿದ. ಭುಜ ಅದುರುತ್ತಿತ್ತು. ಒಮ್ಮೆ ತಲೆ ಎತ್ತಿದಾಗ ಬಾಯಿ ಅಗಲಕ್ಕೆ ತೆರೆದಿತ್ತು, ಹಲ್ಲು ಕಾಣುತ್ತಿತ್ತು, ಪರದೆಯ ಬೆಳಕಿಗೆ ಕಣ್ಣೀರು ಹೊಳೆಯಿತು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಲ್ಲಿನಂಥ ಮಾವ ನನ್ನ ಕಣ್ಣೆದುರು ನಗುತ್ತಿದ್ದಾನೆ! ‘ಎಫ್ ೭, ಹೊ.ಹು.’ ಎಂದು ಬರೆದು, ನಿಯಮ ಮೀರಿ ಕೆಳಗೆ ಎರಡು ಗೆರೆ ಎಳೆದೆ. ಉಳಿದವರ ನಗು ನಿಂತರೂ ಅವನು ತಲೆ ಎತ್ತಲಿಲ್ಲ. ಇಷ್ಟು ವರ್ಷ ಕೂಡಿಟ್ಟ ನಗು, ಒಂದೇ ಸಲ ಬಂದರೆ ನಿಲ್ಲುವುದುಂಟೇ ಎಂದುಕೊಂಡೆ. ಎಪ್ಪತ್ತನೇ ನಿಮಿಷಕ್ಕೆ ಸೀಟಿಗೆ ಹಣೆಯಿಟ್ಟು ಅಲುಗಾಡದೆ ಇದ್ದ. ನಕ್ಕು ಸುಸ್ತಾಗಿದ್ದಾನೆ. ‘ನಿ’ ಎಂದು ಬರೆದೆ.

ದೀಪ ಹತ್ತಿತು. ಓಡಿದೆ.

“ಹೇಗಿತ್ತು ಮಾವ? ನಕ್ಕೆಯಲ್ಲ, ನಾನು ನೋಡ್ದೆ!”

ಅವನ ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು. ಮುಖ ಬೂದಿಯ ಬಣ್ಣ. ನನ್ನನ್ನು ಗುರುತಿಸಲು ಅವನಿಗೆ ಕೊಂಚ ಹೊತ್ತು ಬೇಕಾಯಿತು.

“ಮುಗೀತಾ ಮಲ್ಲಿ?”

“ಮುಗೀತು.”

“ಈಗ ಏಳ್ಬಹುದೇನೇ?”

ಏಳಲು ಅವನಿಂದ ಆಗಲಿಲ್ಲ. ಮೇಷ್ಟ್ರೂ ನಾನೂ ಹೊತ್ತುಕೊಂಡು ಹೋದೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಹೊಟ್ಟೆ ಮುಟ್ಟಿದಳು. ಅದು ಹಲಗೆಯಂತೆ ಬಿಗಿದಿತ್ತು. ಸರಸರನೆ ಯಾರ್ಯಾರನ್ನೋ ಕರೆದು, ಹೊರಗೆ ಬಂದು ನನ್ನ ಎದುರು ನಿಂತಳು.

“ಹೊಟ್ಟೇಲಿ ಹುಣ್ಣಾಗಿತ್ತು. ಅದು ಒಡೆದು ತೂತು ಬಿದ್ದಿದೆ. ನೋವು ಯಾವಾಗ ಶುರುವಾಯ್ತು? ಅಂದಾಜು ಹೇಳಿದ್ರೂ ಸಾಕು.”

ಅಂದಾಜು ಬೇಕಿರಲಿಲ್ಲ. “ಹತ್ತು ಗಂಟೆ ನಲವತ್ತೆಂಟು ನಿಮಿಷಕ್ಕೆ,” ಎಂದೆ.

ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಅಷ್ಟು ಸರಿಯಾಗಿ ಗೊತ್ತಿತ್ತು ಅಂದ್ರೆ ಆಗ್ಲೇ ಯಾಕೆ ಕರ್ಕೊಂಡ್ ಬರ್ಲಿಲ್ಲ?”

ಅವಳು ಚಾಚಿದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಆಪರೇಷನ್ ಆಯಿತು. ಒಳಗೆಲ್ಲ ನಂಜು ಹರಡಿತ್ತು. ಮೂರನೇ ದಿನ ಮಾವ ಹೋದ.

ನಾನೇ ಕೂರಿಸಿದೆ, ನಾನೇ ಏಳಬೇಡವೆಂದೆ. ಒಂದು ಅಕ್ಷರಕ್ಕೆ ಹೆದರಿ ಅವನು ಒಂದು ಗಂಟೆ ಸಂಕಟ ನುಂಗಿಕೊಂಡು ಕೂತ, ನಾನು ನೋಡಿ ಖುಷಿಪಟ್ಟೆ. ಇದನ್ನು ಎಷ್ಟು ತಿರುಗಿಸಿ ಹೇಳಿದರೂ ಬೇರೆ ಥರ ಆಗುವುದಿಲ್ಲ.

ಮುಂದಿನ ವಾರ ಮೇಷ್ಟ್ರ ಕೋಣೆಗೆ ಹೋಗಿ ನನ್ನ ಹಾಳೆ ಕೇಳಿದೆ. “ಎಫ್ ೭ ತಿದ್ಬೇಕು ಸರ್. ಅದು ನಗು ಅಲ್ಲ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಹಾಳೆ ಕೊಟ್ಟಾಯ್ತಮ್ಮ. ಎರಡು ಗೆರೆ ನೋಡಿ ನಿರ್ದೇಶಕ ಕುಣಿದಾಡ್ಬಿಟ್ಟ. ಆ ಸೀನನ್ನ ಇನ್ನಷ್ಟು ಉದ್ದ ಮಾಡಿದ್ದಾನೆ.” ಆಮೇಲೆ ಮೆಲ್ಲಗೆ ಕೇಳಿದರು, “ತಿದ್ದೋದು ಅಂದ್ರೂ ಏನಂತ ತಿದ್ತೀಯ? ನೋವಿಗೆ ನಮ್ಮಲ್ಲಿ ಗುರುತೇ ಇಲ್ವಲ್ಲ.”

ಅವರ ಬಳಿ ಉಳಿದಿದ್ದ ನಕಲು ಪ್ರತಿಯನ್ನು ತೋರಿಸಿದರು. ಏಳನೇ ಸೀಟಿನ ಮುಂದೆ ನನ್ನದೇ ಕೈಬರಹ: ಹೊ.ಹು., ನಿ. ಕೊನೆಯ ಅಂಕಣ, ‘ಪೂರ್ತಿ ಕುಳಿತರೇ?’ ಅದರ ಮುಂದೆ ‘ಹೌದು’. ಆ ಸಾಲಿನಲ್ಲಿ ಸುಳ್ಳಲ್ಲದ್ದು ಅದೊಂದೇ.

ಸಿನಿಮಾ ಬಿಡುಗಡೆಯಾದಾಗ ಟಿಕೆಟ್ ಕೊಂಡು ಮಧ್ಯಾಹ್ನದ ಆಟಕ್ಕೆ ಹೋದೆ. ಮೊದಲ ಸಲ ಪರದೆಗೆ ಮುಖ ಮಾಡಿ ಕೂತೆ. ಹಾಲ್ ಕಿಕ್ಕಿರಿದಿತ್ತು. ನಲವತ್ತೆಂಟನೇ ನಿಮಿಷಕ್ಕೆ ಜಂತು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಬಿತ್ತು. ನನ್ನ ಎಡಕ್ಕೆ, ಬಲಕ್ಕೆ, ಮುಂದೆ, ಜನ ಹೊಟ್ಟೆ ಹಿಡಿದುಕೊಂಡು ಬಾಗಿದರು. ಅದುರುವ ಭುಜಗಳು, ತೆರೆದ ಬಾಯಿಗಳು, ಕಣ್ಣೀರು. ಪಕ್ಕದ ಮುದುಕನ ತೋಳು ಹಿಡಿದು ಅಲುಗಿಸಿದೆ.

“ನಗ್ತಿದ್ದೀರೋ, ನೋವೋ? ಹೇಳಿ.”

“ಅಯ್ಯೋ, ನಗೂನೇ ತಾಯಿ, ಕೈ ಬಿಡಿ,” ಎಂದ ಅವನು, ಕಣ್ಣು ಒರೆಸಿಕೊಳ್ಳುತ್ತ.

ಸಾಲಿನ ಆಚೆ ಬಾಗಿದವರು ಇನ್ನೂ ಎಷ್ಟೋ ಜನರಿದ್ದರು. ಎಲ್ಲರನ್ನೂ ಕೇಳಬೇಕಿತ್ತು. ನಾನು ಎದ್ದು ನಿಂತೆ.

“ಕೂತ್ಕೊಳ್ರೀ, ಕಾಣಿಸ್ತಿಲ್ಲ,” ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ಕೂರಲಿಲ್ಲ.