ಅತ್ತೆಯನ್ನೇ ಕೇಳಿದ ಆಸ್ಪತ್ರೆ

ಟೈಲರಮ್ಮನ ಅತ್ತೆಗೆ ಕಿವಿ ಮಂದ. ಆಸ್ಪತ್ರೆಯಲ್ಲಿ ಹೆಸರು ಕೂಗಿದರೆ ಕೇಳಿಸುವುದಿಲ್ಲ. ಅವತ್ತು ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತೂ ಕೂತೂ, ಬಿ.ಪಿ. ಮಾತ್ರೆ ಸಿಗದೆ ಬರಿಗೈಲಿ ಮನೆಗೆ ಬಂದರು. ಮರುದಿನ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದರು.

ಸೊಸೆ ಕೆಂಡವಾದಳು. ಪಕ್ಕದ ಮನೆಯ ನರ್ಸಕ್ಕ ಅದೇ ಆಸ್ಪತ್ರೆಯವಳು. ಸಿಕ್ಕಿದ್ದೇ ತಡ, ಅವಳ ಮೇಲೆ ಹರಿಹಾಯ್ದಳು.

"ನನ್ನ ಹತ್ರ ಕೂಗಾಡಿದ್ರೆ ನನ್ನ ಹತ್ರಾನೇ ಉಳಿಯುತ್ತೆ ಕಣೇ," ಎಂದಳು ನರ್ಸಕ್ಕ. "ತಿಂಗಳಿಗೊಂದು ಸಲ ಡಾಕ್ಟ್ರು, ನಾವು, ಊರಿನೋರು ಒಟ್ಟಿಗೆ ಕೂರ್ತೀವಿ. ಅಲ್ಲಿ ಬಂದು ಹೇಳು."

"ಚಹಾ ಕೊಟ್ಟು, ತಲೆಯಾಡ್ಸಿ ಕಳಿಸ್ತಾರೆ, ಅಷ್ಟೇ!"

ಆದರೂ ಹೋದಳು, ಹೇಳಿದಳು. ಸ್ವಲ್ಪ ದಿನದಲ್ಲೇ ಗೋಡೆಗೆ ಸರದಿ ತೋರಿಸುವ ನಂಬರ್ ಬೋರ್ಡು ಬಂತು. ಬಂದದ್ದೇನೋ ಸರಿ, ಅದು ಸೂರಿಗೆ ತಾಗುವಷ್ಟು ಮೇಲೆ, ಅಂಕೆಗಳೋ ಇರುವೆಯಷ್ಟು. ಅತ್ತೆ ಮತ್ತೆ ಕೂತೇ ಉಳಿದರು. ಬಾಗಿಲು ಹಾಕುವಾಗ ನರ್ಸಕ್ಕ ನೋಡಿ, ಮಾತ್ರೆ ಕೊಡಿಸಿ, ಮನೆಗೆ ಕರೆತಂದಳು.

"ನಾನಿನ್ನು ಆ ಸಭೆ ಕಡೆ ತಲೆ ಹಾಕಲ್ಲ," ಎಂದಳು ಸೊಸೆ.

ನರ್ಸಕ್ಕನ ಮುಖ ಸಣ್ಣದಾಯಿತು. "ತಪ್ಪು ನಮ್ದೇ. ಆದ್ರೆ ನೀನು ಬರೋದು ಬಿಟ್ರೆ ಆ ಬೋರ್ಡು ಅಲ್ಲೇ ಇರುತ್ತೆ."

"ಏನ್ರೇ ಅದು? ನನ್ನ ವಿಷಯಾನಾ?" ಎಂದರು ಅತ್ತೆ. ಸೊಸೆ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಕಾಯೋಳು ನಾನು. ನನ್ನನ್ನ ಒಬ್ರಾದ್ರೂ ಕೇಳಿದ್ರಾ? ನಾನೇ ಬರ್ತೀನಿ, ನಡಿ."

ಸೊಸೆಗೆ ಚುರುಕ್ಕೆಂದಿತು. ತಾನೂ ಕೇಳಿರಲಿಲ್ಲವಲ್ಲ!

ಸಭೆಯಲ್ಲಿ ಅತ್ತೆ ಡಾಕ್ಟರಿಗೇ ಹೇಳಿದರು: "ಕಿವಿಗೆ ಹತ್ತಿ ಇಟ್ಕೊಂಡು, ಕನ್ನಡಕ ತೆಗೆದು, ಒಂಚೂರು ಬೆಂಚಿನ ಮೇಲೆ ಕೂತ್ಕೊಳ್ಳಪ್ಪಾ."

ಡಾಕ್ಟರು ಕೂತರು. ನರ್ಸಕ್ಕ ಅವರ ಹೆಸರು ಕೂಗಿದಳು. ಬೋರ್ಡಿನಲ್ಲಿ ನಂಬರ್ ಬದಲಾಯಿತು. ಡಾಕ್ಟರು ಅಲ್ಲಾಡಲಿಲ್ಲ. ಎಲ್ಲರೂ ಗೊಳ್ಳೆಂದು ನಕ್ಕರು. ವಿಷಯ ತಿಳಿದಾಗ ಡಾಕ್ಟರು ಮಾತ್ರ ನಗಲಿಲ್ಲ, ಅತ್ತೆಯ ಕಿವಿಯ ಹತ್ತಿರ ಬಾಗಿದರು.

"ಬೋರ್ಡು ಎಲ್ಲಿರ್ಬೇಕು ಅಂತ ನೀವೇ ತೋರಿಸಿ ಅಮ್ಮಾ."

ಅತ್ತೆ ಎದ್ದು ಗೋಡೆಯ ಮೇಲೆ ಕೈಯಿಟ್ಟರು. ಬೋರ್ಡು ಅಲ್ಲಿಗೇ ಇಳಿಯಿತು, ಅಂಗೈಯಗಲದ ಅಂಕೆಗಳೊಂದಿಗೆ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ತಿಂಗಳೂ ಹೋಗುತ್ತಾರೆ. ಡಾಕ್ಟರೂ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಬೆಳಗ್ಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ ಅಂದಾಗ, ಮಾತ್ರೆಗಷ್ಟೇ ಹೋಗುವವರು ಮಧ್ಯಾಹ್ನ ಹೋಗಿ ಎಂದು ಬೀದಿಯವರನ್ನು ಒಪ್ಪಿಸಿದ್ದು ಅತ್ತೆಯೇ. ಮಗ ಊಟ ಕೇಳಿದರೆ, "ನೀನೇ ಬಡಿಸ್ಕೋ, ನಂಗೆ ಮೀಟಿಂಗಿದೆ" ಅನ್ನುತ್ತಾರೆ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಸೊಸೆ, "ಅದು ನಮ್ಮತ್ತೆ ಇಳಿಸಿದ ಬೋರ್ಡು!" ಎಂದು ಎದೆಯುಬ್ಬಿಸಿ ಹೇಳುತ್ತಾಳೆ.

ನಿಮ್ಮೂರಿನ ಆಸ್ಪತ್ರೆಯಲ್ಲೂ ಇಂಥ ಸಭೆ ಇದೆಯಾ, ಇವತ್ತೇ ವಿಚಾರಿಸಿ. ಇಲ್ಲದಿದ್ದರೆ ಶುರು ಮಾಡಿ ಎಂದು ಕೇಳಿ. ಒಮ್ಮೆ ಹೇಳಿ ಸುಮ್ಮನಾಗಬೇಡಿ. ಸರಿಯಾಯಿತಾ ಎಂದು ನೋಡಲು ಮತ್ತೆ ಹೋಗಿ. ಕಷ್ಟ ಯಾರದೋ, ಅವರ ಕೈ ಹಿಡಿದು ಜೊತೆಗೆ ಕರೆದೊಯ್ಯಿರಿ.