ಅರ್ನೆಟ್ಟಾ ಹೇಳಿದ ಸಾಕ್ಷಿ

"ಡಿಪ್ಲೊಮಾ ಇಟ್ಕೊಂಡಿರೋ ಮುಂಡೆ, ಚಾದರ ಹಾಸೋಕೂ ಬರಲ್ವೇನೆ ನಿಂಗೆ?"

ನರ್ಸಮ್ಮ ಬಾಗಿಲಲ್ಲೇ ನಿಂತು ಬೈದಳು. ಅರ್ನೆಟ್ಟಾ ಮುದುಕನನ್ನು ಮಗ್ಗುಲಿಗೆ ಹೊರಳಿಸಿ ಹೊಲಸಾದ ಚಾದರ ಎಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಅಮೆರಿಕದ ಮೆಂಫಿಸ್ಸಿನ ಈ ವೃದ್ಧಾಶ್ರಮದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ, ಇದೇ ಬೈಗುಳ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಆಗಿತ್ತು.

ಅವಳು ಓದಿದ ನರ್ಸಿಂಗ್ ಕಾಲೇಜಿನ ಜಾಹೀರಾತು ಆಗ ಬಸ್ಸುಗಳ ಮೈಮೇಲೆ ಊರೆಲ್ಲ ಸುತ್ತಿತ್ತು: ಹದಿನೆಂಟು ತಿಂಗಳಲ್ಲಿ ನರ್ಸ್ ಆಗಿ, ನೂರಕ್ಕೆ ತೊಂಬತ್ತು ಮಂದಿಗೆ ಕೆಲಸ ಗ್ಯಾರಂಟಿ. ಓದು ಮುಗಿಸಿ ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಿದಾಗ ಕಚೇರಿಯವರು, ಆ ಕಾಲೇಜಿಗೆ ಮಾನ್ಯತೆಯೇ ಇಲ್ಲವಲ್ಲಮ್ಮ ಎಂದರು. ಮಾನ್ಯತೆ ಇರಲಿಲ್ಲ, ಫೀಸಿಗೆಂದು ತೆಗೆದ ಸರ್ಕಾರಿ ಸಾಲ ಇತ್ತು. ತಿಂಗಳು ತಿಂಗಳೂ ಸಂಬಳದಿಂದಲೇ ಕಿತ್ತುಕೊಂಡರು. ಕಾಲೇಜು ಬೀಗ ಹಾಕಿಕೊಂಡು ಮಾಯವಾದ ಮೇಲೂ ಬಿಡಲಿಲ್ಲ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಈಗ ಸರ್ಕಾರದ ಪತ್ರ ಬಂದಿತ್ತು. ಕಾಲೇಜು ಮೋಸ ಮಾಡಿದ್ದು ನಿಜ, ನಿಮ್ಮ ಸಾಲ ಮನ್ನಾ, ಕಟ್ಟಿದ್ದೆಲ್ಲ ವಾಪಸು. ಅರ್ನೆಟ್ಟಾ ಎರಡು ಸಲ ಓದಿದಳು. ಆಮೇಲೆ ಒಲೆಯ ಮೇಲಿನ ಸೊಪ್ಪು ತಳ ಹಿಡಿಯಿತೆಂದು ಎದ್ದು ಹೋದಳು. ಖುಷಿ ಬರಲಿಲ್ಲ, ಅಳುವೂ ಬರಲಿಲ್ಲ.

ಒಡೆಸ್ಸಾಳಿಗೆ ಪತ್ರ ಬಂದಿರಲಿಲ್ಲ. ಅವಳೂ ಸೇರಿ ಚರ್ಚಿನ ಹಾಡಿನ ತಂಡದ ನಾಲ್ವರು ಹೆಂಗಸರನ್ನು ಆ ಕಾಲೇಜಿಗೆ ಕರೆದೊಯ್ದವಳು ಅರ್ನೆಟ್ಟಾಳೇ. ಮೂವರದು ಸರ್ಕಾರಿ ಸಾಲ, ಹರಿದುಹೋಯಿತು. ಒಡೆಸ್ಸಾಳ ಕೈಯಲ್ಲಿ ಮಾತ್ರ ಕಾಲೇಜಿನವರು ಖಾಸಗಿ ಕಂಪನಿಯ ಸಾಲದ ಕಾಗದಕ್ಕೆ ಸಹಿ ಹಾಕಿಸಿದ್ದರು. ಅದಕ್ಕೆ ಮನ್ನಾ ಇಲ್ಲ. ಕಳೆದ ತಿಂಗಳು ಆ ಕಂಪನಿಯವರು ಅವಳ ಕಾರನ್ನೂ ಎಳೆದುಕೊಂಡು ಹೋಗಿದ್ದರು.

ಶನಿವಾರ, ಪತ್ರದ ಸುದ್ದಿ ತಿಳಿದು ಚರ್ಚಿನ ಪಾದ್ರಿ ಟಾಲಿವರ್ ಮನೆಗೇ ಬಂದ. ಕುರ್ಚಿ ಒರೆಸಿಕೊಂಡು ಕೂತ. ನಾಳೆ ಸಭೆಯ ಮುಂದೆ ಎದ್ದು ದೇವರ ಉಪಕಾರಕ್ಕೆ ಸಾಕ್ಷಿ ಹೇಳಬೇಕು, ದೇವರೇ ಸಾಲ ಹರಿದುಹಾಕಿದ ಅನ್ನಬೇಕು ಎಂದ. ವಾಪಸು ಬರುವ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ದೇವರದು ಎಂಬುದನ್ನೂ ಮರೆಯದೆ ನೆನಪಿಸಿದ.

"ಒಡೆಸ್ಸಾದು ಯಾಕ್ ಹರೀಲಿಲ್ಲ, ಅಯ್ನೋರೇ?"

"ಅವಳ ನಂಬ್ಕೆ ಸಾಲ್ದು ಕಣವ್ವ."

ಅರ್ನೆಟ್ಟಾ ಎದ್ದು ಒಲೆ ಹೊತ್ತಿಸಿದಳು. ಅವನಿಗೆ ಕಾಫಿ ಕೊಟ್ಟಳು.

ಭಾನುವಾರ ಸಾಕ್ಷಿಯ ಸಮಯದಲ್ಲಿ ಪಾದ್ರಿ ಅವಳ ಹೆಸರು ಕೂಗಿದ. ಹಾಲೆಲೂಯ ಎಂದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವಳು ಎದ್ದು ನಿಂತು ಮೈಕು ಹಿಡಿದಳು.

"ನಾನು ಒಡೆಸ್ಸಾನ ಮಾರ್ದೆ," ಅಂದಳು.

ಚಪ್ಪಾಳೆ ನಿಂತಿತು.

"ಒಬ್ಬಳನ್ನ ತಂದು ಸೇರ್ಸಿದ್ರೆ ಕಾಲೇಜಿನೋರು ನಲವತ್ತು ಡಾಲರಿನ ಪೆಟ್ರೋಲ್ ಕಾರ್ಡು ಕೊಡ್ತಿದ್ರು. ನಾಲ್ಕು ತಲೆಗೆ ನಾಲ್ಕು ಕಾರ್ಡು ಈಸ್ಕೊಂಡೆ. ಅಯ್ನೋರು ಆ ಹಲ್ಕಟ್ ಕಾಲೇಜಿನೋನನ್ನ ಇದೇ ಪೀಠದ ಮೇಲೆ ನಿಲ್ಸಿ ಮಾತಾಡ್ಸಿದ್ರು. ಅವರಿಗೂ ತಲೆಗಿಷ್ಟು ಅಂತ ಸಿಕ್ತು. ಗೋಡೇಲಿ ಗುರ್ ಅಂತೈತಲ್ಲ ಆ ಎ.ಸಿ., ಅದು ನಮ್ ತಲೆ ಮಾರಿದ ದುಡ್ಡು."

ಪಾದ್ರಿ ಕೈಸನ್ನೆ ಮಾಡಿದ. ಸಾಕ್ಷಿ ದಾರಿ ತಪ್ಪಿದರೆ ಆರ್ಗನ್ ನುಡಿಸಿ ಕೂರಿಸುವುದು ಆ ಚರ್ಚಿನ ವಾಡಿಕೆ. ಆರ್ಗನ್ ಜೋರಾಯಿತು. ಅರ್ನೆಟ್ಟಾ ದನಿ ಏರಿಸಲಿಲ್ಲ. ಮೈಕು ಬೆಂಚಿನ ಮೇಲಿಟ್ಟು ಗೋಡೆಯ ಹತ್ತಿರ ನಡೆದು ಎ.ಸಿ. ಆರಿಸಿದಳು. ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

ಆಗಸ್ಟ್ ತಿಂಗಳ ಸೆಕೆ. ಬಿಳಿ ಕೈಗವಸು ತೊಟ್ಟ ಚರ್ಚಿನ ಹಿರಿಯರಿಬ್ಬರು ಅವಳನ್ನು ಸರಿಸಲು ಬಂದರು. ಅವಳು ಸರಿಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಕಾಗದದ ಬೀಸಣಿಗೆ ತೆಗೆದರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಡೆಸ್ಸಾ ಎದ್ದು ಬಂದಳು. ಹಿರಿಯರನ್ನು ಪಕ್ಕಕ್ಕೆ ತಳ್ಳಿದಳು. ಅರ್ನೆಟ್ಟಾಳ ಕೆನ್ನೆಗೆ ಬಲವಾಗಿ ಒಂದು ಬಾರಿಸಿದಳು. ಆಮೇಲೆ ತಿರುಗಿ, ತಾನೂ ಅವಳ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.