ಏರಿ ಬುಡದಲ್ಲಿ ಹಾಲಿನ ಒರತೆ

ನಮ್ಮ ಆಂಡಿಸ್ ಬೆಟ್ಟದ ಮೇಲೆ ಆಗಸ್ಟ್ ಅಂದ್ರೆ ನೀರಿಗೆ ಗೋಳು. ಏಪ್ರಿಲ್‌ನಲ್ಲಿ ಹೋದ ಮಳೆ ಅಕ್ಟೋಬರ್ ತನಕ ಮುಖ ತೋರಿಸಲ್ಲ. ಉಣ್ಣೆಗೆ ಸಾಕಿರೋ ಅಲ್ಪಾಕಾಗಳನ್ನ ನೀರಿಗೆ ಹೊಡ್ಕೊಂಡು ಹೋಗಿ ಬರೋದ್ರಲ್ಲಿ ನನಗೆ ಅರ್ಧ ದಿನ ಮುಗಿದುಹೋಗುತ್ತೆ. ಅಂಥದ್ರಲ್ಲಿ ಹೋದ ವರ್ಷ ಆಗಸ್ಟ್‌ನಲ್ಲೇ ನಮ್ಮ ಮನೆ ಮೇಲುಗಡೆ, ಗಣಿಯವರ ಮಣ್ಣಿನ ಏರಿಯ ಬುಡದಲ್ಲಿ, ಒಂದು ಹೊಸ ಒರತೆ ಎದ್ದಿತು. ಮೊದಲು ನೋಡಿದವಳು ನಾನೇ, ಸತುರ್ನಿನಾ.

ಅದಿರು ಅರೆದು ತಾಮ್ರ ತೆಗೆದುಕೊಂಡ ಮೇಲೆ ಬೂದು ರಾಡಿ ಉಳಿಯುತ್ತೆ. ಗಣಿಯವರು ಅದನ್ನೆಲ್ಲ ಎರಡು ಬೆಟ್ಟದ ನಡುವೆ ತುಂಬಿಟ್ಟಿದ್ದಾರೆ. ಅದು ಕೆಳಗೆ ಬರದ ಹಾಗೆ ತಡೆದಿರೋದು ಆ ಏರಿ. ಹದಿನೆಂಟು ವರ್ಷದಿಂದ ಅದರ ಕೆಳಗೇ ನಮ್ಮ ಬಾಳ್ವೆ. ಮೊದಲನೇ ವರ್ಷ ಹೆದರಿದ್ವಿ, ಆಮೇಲೆ ಮರೆತೇಬಿಟ್ವಿ.

ನಮ್ಮ ಅತ್ತೆ ತೆಯೊದೋಸಿಯಾ ಒರತೆ ನೋಡಿದ್ದೇ ತಡ, ಮಂಡಿ ಊರಿ ಕೂತುಬಿಟ್ರು.

"ಆಗಸ್ಟ್‌ನಲ್ಲಿ ಭೂಮಿತಾಯಿ ಬಾಯಿ ತೆರೆದಿರ್ತಾಳೆ ಕಣೇ. ನಾವು ಕೊಟ್ಟಿದ್ದು ತಿಂತಾಳೆ, ಮನಸ್ಸು ಬಂದ್ರೆ ತಾನೂ ಕೊಡ್ತಾಳೆ. ಹೋಗು, ಕೋಕಾ ಎಲೆ ತಗೊಂಡು ಬಾ. ಚಿಚಾ ಗಡಿಗೇನೂ ತಾ."

ಎಲೆ ಇಟ್ಟು, ಮೆಕ್ಕೆಜೋಳದ ಹೆಂಡ ಚಿಚಾ ಸುರಿದು ಕೈ ಮುಗಿದ್ವಿ. ಮಾರನೇ ದಿನ ಅರ್ಧ ಊರೇ ಬಂತು.

ನನ್ನ ಗಂಡ ನಿಕಾನೋರ್‌ಗೆ ಒಳಗೊಳಗೇ ಅಳುಕು. ಗಣಿ ಗೇಟಿಗೆ ಹೋಗಿ ಕೇಳ್ಕೊಂಡು ಬಂದ. ಅಲ್ಲಿ ಹೆಲ್ಮೆಟ್ ಹಾಕಿದವರೊಬ್ಬರು ಚಹಾ ಕೊಟ್ಟು, ಏರಿ ಗಟ್ಟಿಮುಟ್ಟಾಗಿದೆ, ಹೋಗಿ ನೆಮ್ಮದಿಯಾಗಿರಿ ಅಂದ್ರಂತೆ.

"ಬಂದು ನೋಡಿದ್ರಾ?" ಅಂತ ಕೇಳ್ದೆ.

"ಇಲ್ಲ. ಆದ್ರೆ ಚಹಾ ಚೆನ್ನಾಗಿತ್ತು," ಅಂದ ಪುಣ್ಯಾತ್ಮ.

ಅವತ್ತೇ ಮಧ್ಯಾಹ್ನ ಹಿಲಾರಿಯಾ ಬಂದ್ರು. ನನ್ನ ಮಗಳ ಜ್ಞಾನಸ್ನಾನದ ದಿನ ಮಗೂನ ಎತ್ತಿಕೊಂಡವರು ಅವರೇ. ಅಂದಿನಿಂದ ನಾನು ಅವರಿಗೆ ಕೊಮಾದ್ರೆ, ಅವರು ನನಗೆ ಕೊಮಾದ್ರೆ, ನನ್ನ ಗಂಡ ಅವರಿಗೆ ಕೊಂಪಾದ್ರೆ. ಎಂಟು ವರ್ಷ ಅದೇ ಏರಿ ಮೇಲೆ ಮಣ್ಣು ಹಾಸೋ ಕೆಲಸ ಮಾಡಿದವರು. ಒರತೆ ನೋಡಿ ಅವರ ಮುಖ ಬಾಡಿತು.

"ಕೊಮಾದ್ರೆ, ಬೆಟ್ಟದ ಹಳೇ ಒರತೆಗಳೆಲ್ಲ ಒಣಗಿವೆ. ಇದೊಂದಕ್ಕೆ ಮಾತ್ರ ನೀರು ಎಲ್ಲಿಂದ ಬಂತು, ಹೇಳಿ ನೋಡೋಣ?"

"ಎಲ್ಲಿಂದ?"

"ಏರಿ ಹಿಂದಿನಿಂದ. ಈ ನೀರು ನೀವೂ ಕುಡೀಬೇಡಿ, ಪ್ರಾಣಿಗಳಿಗೂ ಕುಡಿಸ್ಬೇಡಿ. ಒಂದು ಗಾಜಿನ ಬಾಟಲಿಗೆ ತುಂಬಿ ನಾಳೆ ತನಕ ಅಲ್ಲಾಡಿಸದೆ ಇಡಿ. ತಿಳಿಯಾಗಿದ್ರೆ ಏರಿ ಬರೀ ಜಿನುಗ್ತಿದೆ ಅಂತ. ಆಗ್ಲೂ ಕಣ್ಣಿಟ್ಟಿರ್ಬೇಕು. ಕದಡಿ ಅಡಿಯಲ್ಲಿ ಮಣ್ಣು ಕೂತ್ರೆ, ಏರಿ ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ ಅಂತ. ಒಳಗೆ ಬಿಲ ಬೀಳುತ್ತೆ, ಆಮೇಲೆ ಕುಸಿಯುತ್ತೆ."

ಬಾಟಲಿ ತುಂಬಿಟ್ಟೆ. ಮಾರನೇ ದಿನ ನೋಡಿದ್ರೆ ನೀರು ತಿಳಿ, ಅಡಿಯಲ್ಲಿ ಏನಂದ್ರೆ ಏನೂ ಇಲ್ಲ.

"ಎಂಟು ವರ್ಷ ಮಣ್ಣು ಹೊತ್ತಿದ್ದಕ್ಕೆ ಇಂಜಿನಿಯರ್ ಆಗ್ಬಿಟ್ರು ನಿನ್ನ ಕೊಮಾದ್ರೆ," ಅಂತ ಅತ್ತೆ ಚುಚ್ಚಿದ್ರು.

ಹಿಲಾರಿಯಾ ಬೇಜಾರು ಮಾಡ್ಕೊಳ್ಳಲಿಲ್ಲ. "ತಿಳಿ ಇದ್ರೆ ನನಗೂ ಸಂತೋಷಾನೇ ತಾಯಿ. ಆದ್ರೂ ದಿನಾ ಒಂದು ಬಾಟಲಿ ತುಂಬಿ, ತಾರೀಖು ಬರೆದು ಸಾಲಾಗಿ ಇಡಿ," ಅಂದ್ರು.

ನನಗೆ ತಲೆ ಚಿಟ್ಟು ಹಿಡಿದುಹೋಯ್ತು. ಅತ್ತೆ ವರ ಅಂತಾರೆ, ಗಣಿಯವರು ಏನೂ ಇಲ್ಲ ಅಂತಾರೆ, ಕೊಮಾದ್ರೆ ಅಪಾಯ ಅಂತಾರೆ, ಬಾಟಲಿ ನೋಡಿದ್ರೆ ತಿಳಿ. ಯಾರನ್ನ ನಂಬ್ಲಿ? ಅಲ್ಪಾಕಾಗಳಿಗೆ ಒಂದು ದಿನ ಆ ನೀರು ಕುಡಿಸಿದೆ, ಇನ್ನೊಂದು ದಿನ ಕೋಲು ತಗೊಂಡು ಓಡಿಸಿದೆ. ಅವಕ್ಕೂ ತಲೆ ಕೆಟ್ಟಿರ್ಬೇಕು ಪಾಪ.

ದಿನಾ ಒಂದು ಬಾಟಲಿ ತುಂಬಿಡ್ತಾ ಹೋದೆ, ಆರನೇ ಬಾಟಲಿ ದಿನ ಒರತೆ ಬೆಳ್ಳಗಾಯ್ತು. ಅತ್ತೆ ಖುಷಿಗೆ ಮಿತಿಯೇ ಇಲ್ಲ.

"ತಾಯಿಗೆ ಹಾಲು ಬಂತು," ಅಂತ ಊರಿಗೆಲ್ಲ ಸಾರಿದ್ರು. ಜನ ಚೆಂಬು ತಂದು ತುಂಬಿಕೊಂಡು ಹೋದ್ರು. ಸುಳ್ಳು ಯಾಕೆ ಹೇಳ್ಲಿ, ನಾನೂ ಒಂದು ಚೆಂಬು ತಂದು ಬೀಜದ ಆಲೂಗಡ್ಡೆ ಮೇಲೆ ಚಿಮುಕಿಸಿದೆ.

ಸುದ್ದಿ ಕಿವಿಗೆ ಬಿದ್ದಿದ್ದೇ ಹಿಲಾರಿಯಾ ಏದುಸಿರು ಬಿಡ್ತಾ ಬಂದ್ರು.

"ಹಾಲಲ್ಲ ಅದು ಕೊಮಾದ್ರೆ, ಮಣ್ಣು. ಈಗಿಂದೀಗ್ಲೇ ಮನೆ ಬಿಡಿ."

"ನಾನು ಕಾಲು ಕೀಳಲ್ಲ," ಅಂದ್ರು ಅತ್ತೆ. "ತಾಯಿ ಕೊಟ್ಟಿದ್ದನ್ನ ಬಿಟ್ಟು ಓಡಿದ್ರೆ ಅವಳು ಮುನಿಸ್ಕೊಳ್ತಾಳೆ. ಹೋಗೋರು ಹೋಗಿ."

ಅತ್ತೆನ ಬಿಟ್ಟು ನಾವು ಹೇಗೆ ಹೋಗೋದು? ನಿಕಾನೋರ್ ತನ್ನ ಅಮ್ಮನ ಮುಖ ನೋಡ್ತಾನೆ, ನನ್ನ ಮುಖ ನೋಡ್ತಾನೆ, ಏರಿ ನೋಡ್ತಾನೆ.

ಹಿಲಾರಿಯಾ ವಾದ ಬೆಳೆಸಲಿಲ್ಲ. ಬೆಳಿಗ್ಗೆ ನಾನು ತುಂಬಿಟ್ಟಿದ್ದ ಬಾಟಲಿ ತಂದು ಅತ್ತೆ ಕೈಗೆ ಕೊಟ್ರು. ಅಡಿಯಲ್ಲಿ ಒಂದು ಬೆರಳು ದಪ್ಪ ಬೂದು ಮಣ್ಣು ಕೂತಿತ್ತು. ಅತ್ತೆ ನೀರು ಚೆಲ್ಲಿ, ಆ ಮಣ್ಣಲ್ಲಿ ಒಂಚೂರು ಅಂಗೈಗೆ ಸುರ್ಕೊಂಡು ಹೆಬ್ಬೆರಳಲ್ಲಿ ಉಜ್ಜಿದ್ರು.

"ಇದು ನನಗೆ ಗೊತ್ತು," ಅಂದ್ರು. "ನಿಮ್ಮ ಮಾವ ಹನ್ನೆರಡು ವರ್ಷ ಅದಿರು ಅರೆಯೋ ಗಿರಣೀಲಿ ದುಡಿದ್ರು. ಅವರ ಅಂಗಿ ಒಗೀತಿದ್ದೋಳು ನಾನು. ಕಾಲರ್ ತಿಕ್ಕಿದ್ರೆ ಇದೇ ಹಿಟ್ಟು ಬರ್ತಿತ್ತು. ಇದೇ ನುಣುಪು. ಕೊನೆಗೆ ಇದೇ ಅವರ ಎದೇಲಿ ಕೂತು ಉಸಿರು ನಿಲ್ಲಿಸ್ತು. ಇದು ತಾಯಿ ಕೊಟ್ಟಿದ್ದಲ್ಲ ಕಣೇ. ಇದಕ್ಕಾ ನಾನು ಕೈ ಮುಗಿದಿದ್ದು?"

ಅವರು ಅತ್ತಿದ್ದನ್ನ ಮಾವ ಸತ್ತಾಗ ನೋಡಿದ್ದೆ, ಅದು ಬಿಟ್ರೆ ಅವತ್ತೇ. ಕಣ್ಣೊರೆಸ್ಕೊಂಡು ಅವರೇ ಮೊದಲು ಎದ್ರು. "ಕಂಬಳಿ ಕಟ್ಟು," ಅಂದ್ರು.

ನಿಕಾನೋರ್ ಹೊಳೆ ದಾರಿ ಹಿಡಿದು ಕೆಳಗೆ ಅಣ್ಣನ ಮನೆಗೆ ಹೊರಟಿದ್ದ. ಹಿಲಾರಿಯಾ ಅಡ್ಡ ನಿಂತ್ರು. "ಕೊಂಪಾದ್ರೆ, ರಾಡಿ ಬಂದ್ರೆ ಅದೇ ದಾರೀಲಿ ಬರುತ್ತೆ, ನಿಮಗಿಂತ ಜೋರಾಗಿ. ಪಕ್ಕದ ದಿಬ್ಬ ಹತ್ತಿ." ಸಂಜೆಯೊಳಗೆ ಹನ್ನೊಂದು ಮನೆಯವರು ಚರ್ಚಿನ ದಿಬ್ಬದ ಮೇಲಿದ್ವಿ. ಮನೆಮನೆಗೂ ಆ ಬೂದು ಮಣ್ಣು ಹಿಡ್ಕೊಂಡು ಹೋಗಿ ಕರೆದವರು ನಮ್ಮ ಅತ್ತೆ.

ಮಾರನೇ ದಿನ ಆರು ಬಾಟಲಿ ಹೊತ್ಕೊಂಡು ನಾವು ಜಿಲ್ಲಾ ಕಚೇರಿಗೆ ಹೋದ್ವಿ. ಬಾಟಲಿ ಮೇಲೆ ತಾರೀಖು ಇತ್ತು, ಅದಕ್ಕೆ ಯಾರಿಗೂ ನಮ್ಮನ್ನ ಚಹಾ ಕೊಟ್ಟು ಕಳಿಸೋಕೆ ಆಗಲಿಲ್ಲ. ಅಧಿಕಾರಿಗಳು ಬಂದ್ರು. ಏರಿ ಹಿಂದಿನ ನೀರು ಇಳಿಸಿದ್ರು. ಒರತೆ ಮೇಲೆ ಮರಳು, ಜಲ್ಲಿ ಪೇರಿಸಿದ್ರು, ನೀರು ಹೋದ್ರೂ ಮಣ್ಣು ಹೋಗದ ಹಾಗೆ.

ಏರಿ ಇವತ್ತಿಗೂ ನಿಂತಿದೆ. "ಒಡೀಲೇ ಇಲ್ವಲ್ಲ, ಸುಮ್ನೆ ನಮ್ಮನ್ನ ಓಡಿಸಿದ್ರಿ," ಅಂತ ಕೆಲವರು ಈಗ್ಲೂ ಆಡ್ಕೊಳ್ತಾರೆ. ಬಿಟ್ಟಿದ್ರೆ ಒಡೀತಿತ್ತಾ? ನನಗೆ ಗೊತ್ತಿಲ್ಲ. ಬಂದಿದ್ದ ಅಧಿಕಾರೀನ ಕೇಳ್ದೆ, ಅವರಿಗೂ ಗೊತ್ತಿಲ್ಲ. ಅತ್ತೆ ಮಾತ್ರ ಅಂಥವರಿಗೆ, "ಒಡೆದಿದ್ರೆ ಹೀಗೆ ಕೇಳೋಕೆ ನೀನು ಇರ್ತಿದ್ಯಾ?" ಅಂತಾರೆ.

ಈ ರೇಡಿಯೋ ಕೇಳ್ತಿರೋ ಅಕ್ಕ ತಂಗೀರೆ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯೂ ಏರಿ ಕೆಳಗಿದ್ರೆ ಬುಡದ ಕಡೆ ವಾರಕ್ಕೊಮ್ಮೆಯಾದ್ರೂ ಹೋಗಿ ನೋಡಿ. ಹೊಸ ಒದ್ದೆ, ಹೊಸ ಒರತೆ, ಹೊಸ ಬಿರುಕು ಕಂಡ್ರೆ ಅವತ್ತೇ ಜಿಲ್ಲಾ ಕಚೇರಿಗೆ ತಿಳಿಸಿ. ನೀರು ಕದಡಿದ್ರೆ ಮನೇಲಿ ನಿಲ್ಲಬೇಡಿ. ಹೊಳೆ ದಾರಿ ಹಿಡೀಬೇಡಿ, ಪ್ರಾಣಿಗಳಿಗೆ ಅಂತ ವಾಪಸ್ ಬರಬೇಡಿ. ಎಲ್ಲ ಪೂರ್ತಿ ಅರ್ಥ ಆಗಲಿ, ಆಮೇಲೆ ಹೊರಡೋಣ ಅಂತ ಕಾಯಲೇಬೇಡಿ. ನನಗೆ ಇನ್ನೂ ಪೂರ್ತಿ ಅರ್ಥ ಆಗಿಲ್ಲ. ಮೊದಲು ದಿಬ್ಬ ಹತ್ತಿ. ಯಾರು ಸರಿ, ಯಾರು ತಪ್ಪು ಅಂತ ಮೇಲೆ ಕೂತು ಜಗಳ ಆಡಿ.